ಊರು ಕೊಂಡ ಬೆಟ್ಟ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ರಾಕಿ ಪರ್ವತಶ್ರೇಣಿ ಹಬ್ಬಿದೆ. ಈ ಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ವಿಸ್ತಾರವಾದ ಹುಲ್ಲುಗಾವಲಿನ ಬಯಲು ಮುಗಿದು ಬೆಟ್ಟಗಳು ತಲೆಯೆತ್ತುವ ಎಡೆಯಲ್ಲಿ, ಬೋಲ್ಡರ್ ಎಂಬ ನಗರವಿದೆ. ಅದು ಕೊಲರಾಡೊ ರಾಜ್ಯಕ್ಕೆ ಸೇರಿದುದು. ಆ ರಾಜ್ಯದ ರಾಜಧಾನಿಯಾದ ಡೆನ್ವರಿನಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1,08,250. ಊರಿನ ಪಶ್ಚಿಮಕ್ಕೆ ಓರೆಯಾಗಿ ನಿಂತ ಬೃಹತ್ ಕೆಂಬಂಡೆಗಳ ಸಾಲೊಂದಿದೆ. ಹಳೆಯ ಕಾಲದ ಇಸ್ತ್ರಿಪೆಟ್ಟಿಗೆಗಳನ್ನು ನಿಲ್ಲಿಸಿಟ್ಟಂತೆ ತೋರುವುದರಿಂದ ಅವನ್ನು 'ಫ್ಲಾಟೈರನ್ಸ್' ಎಂದು ಕರೆಯುತ್ತಾರೆ.

ಈ ನಗರಕ್ಕೆ ಬಂದವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಸಾಮಾನ್ಯವಾಗಿ ದೊಡ್ಡ ಊರು ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ತೊಡಗಿತು ಎಂದು ಹೇಳುವುದು ಕಷ್ಟ. ಮನೆಗಳು, ಅಂಗಡಿಗಳು, ಗೋದಾಮುಗಳು ರಸ್ತೆಯ ಉದ್ದಕ್ಕೂ ಚಾಚಿಕೊಂಡು ಮುಂದಿನ ಊರಿಗೆ ಅಂಟಿಕೊಂಡಿರುತ್ತವೆ. ಬೋಲ್ಡರಿನಲ್ಲಿ ಹಾಗಿಲ್ಲ. ಕೊನೆಯ ಮನೆಯ ಬೇಲಿ ಮುಗಿಯುತ್ತಲೇ ಹುಲ್ಲುಗಾವಲೋ ಹೊಲವೋ ಕಾಡೋ ತೊಡಗುತ್ತದೆ. ಅಲ್ಲಿನ ನೆಲಕ್ಕೆ ಬೆಲೆಯಿಲ್ಲವೆಂದಲ್ಲ. ಮನೆಯ ನಿವೇಶನಗಳಾಗಿ ಮಾರಿದರೆ ಅದು ಚಿನ್ನದ ಬೆಲೆಗೆ ಹೋಗುತ್ತಿತ್ತು. ಆದರೂ ಅಲ್ಲಿ ಮನೆಗಳು ಏಳಲಿಲ್ಲ. ಏಕೆಂದರೆ, ಆ ನೆಲದ ಒಡೆಯರು ಆ ಊರಿನ ಜನರೇ. ತಾವೇ ತಮ್ಮ ಮೇಲೆ ತೆರಿಗೆಯನ್ನು ಹಾಕಿಕೊಂಡು, ಆ ಹಣದಿಂದ ಅವರು ಊರ ಸುತ್ತಲಿನ ಭೂಮಿಯನ್ನು ಕೊಂಡರು. ಆ ಕಥೆ ತಿಳಿಯತಕ್ಕದ್ದು.

ಬೋಲ್ಡರ್ ಇರುವ ನೆಲ ಮೊದಲು ಅರಾಪಾಹೊ ಮತ್ತು ಇತರ ಮೂಲನಿವಾಸಿ ಜನಾಂಗಗಳ ನೆಲೆಯಾಗಿತ್ತು. 1851ರಲ್ಲಿ ನಡೆದ ಒಪ್ಪಂದದಲ್ಲಿ ಅಮೆರಿಕದ ಸರಕಾರ ಈ ಪ್ರದೇಶ ಷೈಯನ್ ಮತ್ತು ಅರಾಪಾಹೊ ಜನರದೆಂದು ಒಪ್ಪಿಕೊಂಡಿತ್ತು. ಆದರೆ 1858ರಲ್ಲಿ ಚಿನ್ನವನ್ನರಸುತ್ತ ಬಂದವರು ಬೆಟ್ಟದ ಬುಡದಲ್ಲಿ ಡೇರೆ ಹಾಕಿದರು. ಮರುವರ್ಷ ಊರನ್ನು ಸ್ಥಾಪಿಸಿದರು. ಒಪ್ಪಂದದ ಮಾತು ಉಳಿಯಲಿಲ್ಲ. 1864ರ ನವೆಂಬರಿನಲ್ಲಿ ಸ್ಯಾಂಡ್ ಕ್ರೀಕ್ ಎಂಬಲ್ಲಿ ಸೈನಿಕರು 150ಕ್ಕೂ ಹೆಚ್ಚು ಮಂದಿ ಷೈಯನ್ ಮತ್ತು ಅರಾಪಾಹೊ ಜನರನ್ನು ಕೊಂದರು. ಸತ್ತವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಹೀಗೆ, ಮುಂದೆ ಬೆಲೆ ಕೊಟ್ಟು ಕಾಪಾಡಬೇಕಾಗಿ ಬಂದ ನೆಲವು ಮೊದಲು ಬೆಲೆಯಿಲ್ಲದೆ ಕಿತ್ತುಕೊಂಡ ನೆಲವಾಗಿತ್ತು. ಚಿನ್ನವನ್ನರಸಿ ಬಂದವರು ಮೊದಲು ಬಿಡಾರ ಹೂಡಿದ ಸ್ಥಳಕ್ಕೆ ಬಹುಕಾಲ ಅವರ ನೆನಪಿನ ಹೆಸರೇ ಇತ್ತು. ಮೂಲನಿವಾಸಿ ಜನಾಂಗಗಳ ಪ್ರತಿನಿಧಿಗಳೊಡನೆ ಸಮಾಲೋಚಿಸಿ ನಗರವು 2021ರಲ್ಲಿ ಆ ಹೆಸರನ್ನು ಬದಲಿಸಿತು.

ಊರು ಬೆಳೆಯಿತು. 1877ರಲ್ಲಿ ಅಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯ ತೆರೆಯಿತು. 1898ರಲ್ಲಿ ನಗರವು ಬೆಟ್ಟದ ತಪ್ಪಲಿನಲ್ಲಿ ಸುಮಾರು 80 ಎಕರೆ ಭೂಮಿಯನ್ನು ಕೊಂಡಿತು. ಬೇಸಿಗೆಯಲ್ಲಿ ಉಪನ್ಯಾಸ, ಸಂಗೀತ, ಪಾಠಪ್ರವಚನಗಳನ್ನು ನಡೆಸುವ 'ಶಟಾಕ್ವ' ಎಂಬ ಶಿಬಿರಕ್ಕಾಗಿ ಆ ಸ್ಥಳ ಬೇಕಾಗಿತ್ತು. ಇದಕ್ಕಾಗಿ ಸಾಲವೆತ್ತಲು ಮತದಾರರು ಒಪ್ಪಿದರು. ಮರುವರ್ಷ ನಗರದ ಕೋರಿಕೆಯಂತೆ ಕೇಂದ್ರ ಸರಕಾರವು ಬೆಟ್ಟದ ಇಳಿಜಾರಿನ 1,800 ಎಕರೆಗಳನ್ನು ನಗರಕ್ಕೆ ಬಿಟ್ಟುಕೊಟ್ಟಿತು. 1910ರಲ್ಲಿ ಉದ್ಯಾನಶಿಲ್ಪಿ ಫ್ರೆಡರಿಕ್ ಲಾ ಓಂಸ್ಟೆಡ್ ಕಿರಿಯನು ಊರಿನ ಅಭಿವೃದ್ಧಿಯ ವಿಷಯವಾಗಿ ಒಂದು ವರದಿಯನ್ನು ಬರೆದುಕೊಟ್ಟನು. ಊರಿನ ಸೊಬಗನ್ನೂ ಅದರ ಹೊಳೆಯ ಪಾತ್ರವನ್ನೂ ಕಾಪಾಡಿಕೊಳ್ಳಬೇಕೆಂಬುದು ಅವನ ಸಲಹೆಯಾಗಿತ್ತು. ಆಗ ಬೋಲ್ಡರ್ ಇನ್ನೂ ಚಿಕ್ಕ ಊರು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಬಯಲು ಎಂದಿಗೂ ತುಂಬುವುದಿಲ್ಲ ಎಂದೇ ಜನ ಎಣಿಸಿದ್ದರು.

ಎರಡನೆಯ ಮಹಾಯುದ್ಧದ ಬಳಿಕ ಈ ಎಣಿಕೆ ಸುಳ್ಳಾಯಿತು. 1952ರಲ್ಲಿ ಡೆನ್ವರಿನಿಂದ ಬೋಲ್ಡರಿಗೆ ಹೆದ್ದಾರಿ ಬಂತು. ಕೇಂದ್ರ ಸರಕಾರದ ಸಂಶೋಧನಾಲಯಗಳು ಬಂದವು. ಅವುಗಳ ಹಿಂದೆಯೇ ವಿಜ್ಞಾನಿಗಳು, ಕೆಲಸಗಾರರು, ವರ್ತಕರು ಬಂದರು. 1950ರಲ್ಲಿ 19,999 ಇದ್ದ ಜನಸಂಖ್ಯೆ 1960ರಲ್ಲಿ 37,718 ಆಯಿತು. 1970ರ ವೇಳೆಗೆ 66,870ಕ್ಕೆ ಏರಿತು. ಇಪ್ಪತ್ತು ವರ್ಷಗಳಲ್ಲಿ ಊರು ಮೂರು ಪಟ್ಟಿಗಿಂತಲೂ ಹೆಚ್ಚಾಗಿ ಬೆಳೆದಿತ್ತು. ಬಯಲಿನ ಹೊಲಗಳು ಬಡಾವಣೆಗಳಾದವು. ಅನಂತರ ಮನೆಗಳು ಬೆಟ್ಟವನ್ನೇರಲು ತೊಡಗಿದವು.

ಈ ಏರಿಕೆಯನ್ನು ಮೊದಲು ತಡೆಯಲು ಹೊರಟವರಲ್ಲಿ ವಿಶ್ವವಿದ್ಯಾನಿಲಯದ ಇಬ್ಬರು ಅಧ್ಯಾಪಕರಿದ್ದರು. ಒಬ್ಬರು ಗಣಿತದ ರಾಬರ್ಟ್ ಮೆಕೆಲ್ವಿ, ಇನ್ನೊಬ್ಬರು ಭೌತಶಾಸ್ತ್ರದ ಆಲ್ಬರ್ಟ್ ಬಾರ್ಟ್‌ಲೆಟ್. ಬೆಟ್ಟದ ಮೇಲಿನ ಮನೆಗೆ ಕುಡಿಯುವ ನೀರು ಬೇಕು. ನೀರನ್ನು ಮೇಲಕ್ಕೆತ್ತಲು ಯಂತ್ರ ಬೇಕು, ಕೊಳವೆ ಬೇಕು. ಅದರ ವೆಚ್ಚವನ್ನು ಬೆಟ್ಟದಲ್ಲಿರುವವನು ಮಾತ್ರ ಹೊರುವುದಿಲ್ಲ, ಬಯಲಿನಲ್ಲಿರುವವನೂ ಹೊರಬೇಕಾಗುತ್ತದೆ. ಹೀಗಿರಲು, ಒಂದು ಎತ್ತರದಿಂದಾಚೆಗೆ ನಗರವು ನೀರನ್ನು ಕೊಡಬಾರದೆಂದು ಏಕೆ ಗೊತ್ತುಮಾಡಬಾರದು? ಈ ಸೂಚನೆಗೆ ಪೌರರ ಸಹಿಗಳನ್ನು ಕೂಡಿಸಲಾಯಿತು. 1959ರ ಜುಲೈ ತಿಂಗಳಲ್ಲಿ ಅದು ಮತಕ್ಕೆ ಬಂದು, ಭಾರಿ ಬಹುಮತದಿಂದ ಗೆದ್ದಿತು. ಸಮುದ್ರಮಟ್ಟದಿಂದ 5,750 ಅಡಿಯ ಎತ್ತರದಲ್ಲಿ ನಕ್ಷೆಯ ಮೇಲೆ ಒಂದು ಗೆರೆಯನ್ನು ಎಳೆಯಲಾಯಿತು. 'ನೀಲಿ ಗೆರೆ' ಎಂದೇ ಅದು ಹೆಸರಾಯಿತು. ಅದೇ ವರ್ಷ ಪೌರರ ಸಂಘಟನೆಯೊಂದು ಹುಟ್ಟಿ ಊರಿನ ಬೆಳವಣಿಗೆಯನ್ನು ಕುರಿತು ಆಲೋಚಿಸತೊಡಗಿತು.

ಆದರೆ ಗೆರೆಯೊಂದೇ ಸಾಲದೆಂಬುದು ಬೇಗನೆ ತಿಳಿಯಿತು. ಒಂದು ನಿಯಮವನ್ನು ಮತದಿಂದ ಮಾಡಿದರೆ, ಅದಕ್ಕೆ ವಿನಾಯಿತಿಯನ್ನೂ ಮತದಿಂದಲೇ ಪಡೆಯಬಹುದು. ವಾಯುಮಂಡಲದ ಸಂಶೋಧನಾ ಕೇಂದ್ರವೊಂದನ್ನು ಗೆರೆಯ ಮೇಲಿನ ದಿಬ್ಬದಲ್ಲಿ ಕಟ್ಟಲು 1961ರಲ್ಲಿ ಜನರೇ ವಿನಾಯಿತಿ ಕೊಟ್ಟರು. ಅದು ಸಕಾರಣವಾಗಿಯೇ ಇತ್ತು. ಆದರೆ ಅಷ್ಟರಲ್ಲಿಯೇ 'ಎನ್‌ಚಾಂಟೆಡ್ ಮೇಸಾ' ಎಂಬ ಸುಂದರವಾದ ದಿಬ್ಬದ ಮೇಲೆ ಭಾರಿ ಹೋಟೆಲೊಂದನ್ನು ಕಟ್ಟುವ ಯೋಜನೆ ಹೊರಬಿತ್ತು. ಆ ದಿಬ್ಬ ಖಾಸಗಿಯವರ ಸ್ವತ್ತು. ತನ್ನ ನೆಲದಲ್ಲಿ ತನಗೆ ಬೇಕಾದುದನ್ನು ಕಟ್ಟುವೆನೆಂದು ಒಡೆಯನು ಹೇಳಿದರೆ ಎಷ್ಟು ಕಾಲ ತಡೆಯಲು ಸಾಧ್ಯ? ತಡೆಯುವುದು ನ್ಯಾಯವೆ? ಸಾರ್ವಜನಿಕರಿಗೆ ಆ ದಿಬ್ಬ ಬೇಕಾಗಿದ್ದರೆ, ಸಾರ್ವಜನಿಕರೇ ಅದರ ಬೆಲೆಯನ್ನು ಕೊಡುವುದು ನ್ಯಾಯ. ಈ ವಿಚಾರ ಊರಿನಲ್ಲಿ ಬೇರೂರಿತು. 1962ರಲ್ಲಿ, ಸುಮಾರು 155 ಎಕರೆಗಳ ಆ ದಿಬ್ಬವನ್ನು ಕೊಳ್ಳುವುದಕ್ಕಾಗಿ 1,05,000 ಡಾಲರು ಸಾಲವೆತ್ತಲು ಮತದಾರರು ಸಮ್ಮತಿಸಿದರು. ಹೋಟೆಲು ಏಳಲಿಲ್ಲ. ಇಂದಿಗೂ ಅಲ್ಲಿ ಪೈನ್ ಮರಗಳ ನಡುವೆ ಜನ ನಡೆದಾಡುತ್ತಾರೆ.

ಒಂದು ದಿಬ್ಬವೇನೋ ಉಳಿಯಿತು, ಮುಂದಿನದು? ಪ್ರತಿಯೊಂದು ದಿಬ್ಬಕ್ಕೂ ಪ್ರತಿಯೊಂದು ಹೊಲಕ್ಕೂ ಹೊಸದಾಗಿ ಹೋರಾಟ ಹೂಡಿ, ಸಹಿ ಕೂಡಿಸಿ, ಮತ ಯಾಚಿಸಿ, ಸಾಲವೆತ್ತುವುದು ಸಾಧ್ಯವಿಲ್ಲ. ನೆಲ ಮಾರಾಟಕ್ಕೆ ಬಂದ ದಿನ ಕೈಯಲ್ಲಿ ಹಣವಿರಬೇಕು. ಕಟ್ಟಡದ ಗುತ್ತಿಗೆದಾರನು ಚುನಾವಣೆಗಾಗಿ ಕಾಯುವುದಿಲ್ಲ. ಆದುದರಿಂದ ವರ್ಷವರ್ಷವೂ ತಪ್ಪದೆ ಬರುವ ಆದಾಯವೊಂದು ಬೇಕೆಂಬುದು ಸ್ಪಷ್ಟವಾಯಿತು.

ಆ ವೇಳೆಗೆ ನಗರಸಭೆಗೆ ಇನ್ನೊಂದು ಚಿಂತೆಯಿತ್ತು. ಜನ ಹೆಚ್ಚಿದಂತೆ ವಾಹನಗಳೂ ಹೆಚ್ಚಿ ರಸ್ತೆಗಳಿಗೆ ಹಣ ಸಾಲದಾಗಿತ್ತು. ರಸ್ತೆ ಬೇಕೆನ್ನುವವರೂ ಬಯಲು ಬೇಕೆನ್ನುವವರೂ ಒಂದುಗೂಡಿದರು. ಊರಿನಲ್ಲಿ ಮಾರಾಟವಾಗುವ ಸರಕಿನ ಮೇಲೆ ನೂರಕ್ಕೆ ಒಂದರಂತೆ ತೆರಿಗೆ ಹಾಕುವುದು, ಬಂದ ಹಣದಲ್ಲಿ ನೂರಕ್ಕೆ 60 ಭಾಗವನ್ನು ರಸ್ತೆಗಳಿಗೂ 40 ಭಾಗವನ್ನು ಮುಕ್ತಭೂಮಿಯನ್ನು ಕೊಳ್ಳುವುದಕ್ಕೂ ಮೀಸಲಿಡುವುದು ಎಂದು ಸೂಚನೆ ಸಿದ್ಧವಾಯಿತು. 1967ರ ನವೆಂಬರಿನಲ್ಲಿ ಮತದಾರರು ಅದನ್ನು ಅಂಗೀಕರಿಸಿದರು. ಭೂಮಿಯನ್ನು ಉಳಿಸುವ ಸಲುವಾಗಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಲು ಒಂದು ನಗರದ ಪೌರರು ಮತ ನೀಡಿದುದು ಆ ದೇಶದಲ್ಲಿ ಅದೇ ಮೊದಲು.

ಈ ತೆರಿಗೆಯ ಲೆಕ್ಕ ಸರಳವಾದುದು. ಒಬ್ಬನು ಅಂಗಡಿಯಲ್ಲಿ ನೂರು ಡಾಲರಿನ ಸರಕನ್ನು ಕೊಂಡರೆ ಒಂದು ಡಾಲರು ತೆರಿಗೆ. ಅದರಲ್ಲಿ 40 ಸೆಂಟು, ಎಂದರೆ ಡಾಲರಿನ ನೂರರಲ್ಲಿ ನಲವತ್ತು ಭಾಗ, ಮುಕ್ತಭೂಮಿಯ ನಿಧಿಗೆ. ಕೊಟ್ಟವನಿಗೆ ಕೊಟ್ಟುದು ತಿಳಿಯದಷ್ಟು ಚಿಕ್ಕ ಮೊತ್ತವದು. ಆದರೆ ಹನಿ ಹನಿ ಕೂಡಿದರೆ ಹಳ್ಳ. ಊರಿಗೆ ಬಂದು ಹೋಗುವ ಪ್ರವಾಸಿಯೂ ಕೊಂಡ ಸರಕಿನ ಮೇಲೆ ಈ ತೆರಿಗೆಯನ್ನು ಕೊಡುತ್ತಾನೆ. ಊರು ಬೆಳೆದಷ್ಟೂ ವ್ಯಾಪಾರ ಬೆಳೆಯುತ್ತದೆ. ವ್ಯಾಪಾರ ಬೆಳೆದಷ್ಟೂ ನಿಧಿ ಬೆಳೆಯುತ್ತದೆ. ಹೀಗೆ ಬಯಲನ್ನು ನುಂಗುತ್ತಿದ್ದ ಬೆಳವಣಿಗೆಯೇ ಬಯಲನ್ನು ಉಳಿಸುವ ಹಣವನ್ನೂ ಒದಗಿಸತೊಡಗಿತು.

ಆದರೂ ಒಂದು ತೊಡಕಿತ್ತು. ತೆರಿಗೆ ಸ್ವಲ್ಪಸ್ವಲ್ಪವಾಗಿ ಬರುತ್ತದೆ. ಭೂಮಿಯ ಬೆಲೆ ಭರಭರನೆ ಏರುತ್ತದೆ. ಹಣ ಕೂಡುವವರೆಗೆ ಕಾದರೆ ನೆಲವೇ ಕೈತಪ್ಪುತ್ತದೆ. ಇದಕ್ಕೆ ಪರಿಹಾರವಾಗಿ, ಮುಂದೆ ಬರಲಿರುವ ತೆರಿಗೆಯ ಆಧಾರದ ಮೇಲೆ ಸಾಲಪತ್ರಗಳನ್ನು ಹೊರಡಿಸುವ ಅಧಿಕಾರವನ್ನು 1971ರಲ್ಲಿ ಮತದಾರರು ನಗರಸಭೆಗೆ ಕೊಟ್ಟರು. ಸಾಲಪತ್ರವನ್ನು ಕೊಂಡವರು ನಗರಕ್ಕೆ ಒಮ್ಮೆಗೇ ಹಣ ಕೊಡುತ್ತಾರೆ; ನಗರವು ತೆರಿಗೆಯ ಆದಾಯದಿಂದ ಬಡ್ಡಿಸಹಿತ ಕಂತುಕಂತಾಗಿ ತೀರಿಸುತ್ತದೆ. ಇಂದಿನ ಬೆಲೆಗೆ ನೆಲವನ್ನು ಕೊಂಡು, ನಾಳಿನ ಆದಾಯದಿಂದ ಸಾಲ ತೀರಿಸುವ ಉಪಾಯವಿದು. ಆ ನೆಲವನ್ನು ಅನುಭವಿಸುವವರಲ್ಲಿ ನಾಳಿನವರೂ ಇರುವುದರಿಂದ, ವೆಚ್ಚದಲ್ಲಿ ಅವರಿಗೂ ಒಂದು ಪಾಲು ಬರುವುದು ತಪ್ಪಲ್ಲ.

ಕೊಳ್ಳುವ ಕ್ರಮದಲ್ಲಿಯೂ ಜಾಣತನ ಬೇಕಾಗಿತ್ತು. ಎಲ್ಲ ಕಡೆಯೂ ಪೂರ್ತಿ ಒಡೆತನವನ್ನು ಕೊಳ್ಳಬೇಕಾಗಿಲ್ಲ. ಕೆಲವು ಕಡೆ ಹೊಲವು ರೈತನಲ್ಲಿಯೇ ಉಳಿಯುತ್ತದೆ. ಅದರಲ್ಲಿ ಮನೆಗಳನ್ನು ಕಟ್ಟುವ ಹಕ್ಕನ್ನು ಮಾತ್ರ ಸಾರ್ವಜನಿಕ ಸಂಸ್ಥೆ ಬೆಲೆ ಕೊಟ್ಟು ಕೊಳ್ಳುತ್ತದೆ. ರೈತನು ಉಳುತ್ತಾನೆ, ಬೆಳೆಯುತ್ತಾನೆ, ಮಾರಲೂ ಬಹುದು. ಆದರೆ ಕೊಂಡವನೂ ಅಲ್ಲಿ ಬಡಾವಣೆಯನ್ನು ಕಟ್ಟುವಂತಿಲ್ಲ. ಪೂರ್ತಿಯಾಗಿ ಕೊಂಡ ಹೊಲಗಳನ್ನು ನಗರವು ಮತ್ತೆ ರೈತರಿಗೇ ಗೇಣಿಗೆ ಕೊಡುತ್ತದೆ. ಮಳೆ ಕಡಮೆಯಾದ ಆ ಸೀಮೆಯಲ್ಲಿ ಕಾಲುವೆಯ ನೀರಿಲ್ಲದೆ ಬೇಸಾಯ ನಡೆಯದು. ಆದ್ದರಿಂದ ನೆಲದೊಡನೆ ನೀರಿನ ಹಕ್ಕನ್ನೂ ನಗರವು ಕೊಳ್ಳಬೇಕಾಯಿತು.

ಹಣ ಕೂಡಿಸುವುದಕ್ಕಿಂತ ಕೂಡಿಸಿದುದನ್ನು ಕಾಯುವುದು ಕಷ್ಟ. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು? ಮುಂದೆ ಎಂದಾದರೂ ಹಣದ ಮುಗ್ಗಟ್ಟಿಗೆ ಸಿಕ್ಕಿದ ನಗರಸಭೆಯೊಂದು ಈ ಭೂಮಿಯನ್ನೇ ಮಾರಿಬಿಟ್ಟರೆ? ಈ ಶಂಕೆಯನ್ನು ನೀಗುವುದಕ್ಕಾಗಿ 1973ರಲ್ಲಿ ಐವರು ಪೌರರ ಒಂದು ಧರ್ಮದರ್ಶಿ ಮಂಡಳಿಯನ್ನು ಏರ್ಪಡಿಸಲಾಯಿತು. 1986ರಲ್ಲಿ ಮುಕ್ತಭೂಮಿಯ ಉದ್ದೇಶಗಳನ್ನೂ ಅದರ ರಕ್ಷಣೆಯ ನಿಯಮಗಳನ್ನೂ ಮತದಾರರು ನಗರದ ಮೂಲಶಾಸನದಲ್ಲಿಯೇ ಸೇರಿಸಿದರು. ಅದರಂತೆ, ಈ ಭೂಮಿಯನ್ನು ಮಾರಬೇಕಾದರೆ ಮೊದಲು ಸಾರ್ವಜನಿಕ ವಿಚಾರಣೆ ನಡೆಯಬೇಕು. ಮಂಡಳಿಯ ಐವರಲ್ಲಿ ಮೂವರಾದರೂ ಒಪ್ಪಬೇಕು. ನಗರಸಭೆ ಒಪ್ಪಬೇಕು. ಅನಂತರವೂ 60 ದಿನ ಕಾಯಬೇಕು. ಅಷ್ಟರಲ್ಲಿ ಸಾಕಷ್ಟು ಮಂದಿ ಪೌರರು ಸಹಿ ಹಾಕಿ ಆಕ್ಷೇಪಿಸಿದರೆ ವಿಷಯವು ಮತಕ್ಕೆ ಬರುತ್ತದೆ. ಕೊಳ್ಳುವ ಬಾಗಿಲು ಒಂದಾದರೆ ಮಾರುವ ಬಾಗಿಲಿಗೆ ನಾಲ್ಕು ಬೀಗಗಳು.

1989ರಲ್ಲಿ ಜನರು ನೂರಕ್ಕೆ 0.33ರಂತೆ ಇನ್ನೊಂದು ತೆರಿಗೆಗೆ ಒಪ್ಪಿದರು. ಇದಕ್ಕೆ ಕಾಲಮಿತಿಯನ್ನು ಗೊತ್ತುಪಡಿಸಲಾಗಿತ್ತು. ಅವಧಿ ಮುಗಿಯುವ ಮುನ್ನ ಆಡಳಿತಗಾರರು ಮತ್ತೆ ಜನರ ಮುಂದೆ ಬಂದು, ಹಣವನ್ನು ಹೇಗೆ ವಿನಿಯೋಗಿಸಿದೆವೆಂದು ಹೇಳಿ ಸಮ್ಮತಿ ಪಡೆಯಬೇಕು. ಬೋಲ್ಡರನ್ನು ಒಳಗೊಂಡ ಜಿಲ್ಲೆಯೂ 1993ರಲ್ಲಿ ಇಂಥದೇ ತೆರಿಗೆಯನ್ನು ಹಾಕಿಕೊಂಡಿತು. ಕೊಲರಾಡೊ ರಾಜ್ಯವು 1992ರಿಂದ ತನ್ನ ಲಾಟರಿಯ ಆದಾಯದಲ್ಲಿ ಒಂದು ಪಾಲನ್ನು ಈ ಕಾರ್ಯಕ್ಕೆ ಮೀಸಲಿಟ್ಟಿದೆ. ಅಟ್ಲಾಂಟಿಕ್ ಸಮುದ್ರದಲ್ಲಿರುವ ನಾನ್‌ಟಕೆಟ್ ದ್ವೀಪದವರು 1983ರಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು. ಆ ದ್ವೀಪದಲ್ಲಿ ಮನೆಯನ್ನೋ ನೆಲವನ್ನೋ ಕೊಳ್ಳುವವನು, ಬೆಲೆಯ ನೂರಕ್ಕೆ ಎರಡು ಭಾಗವನ್ನು ಭೂನಿಧಿಗೆ ಸಲ್ಲಿಸಬೇಕು. ಒಂದು ಊರಿಗೆ ಹೊಂದಿದ ಉಪಾಯ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ; ಆದರೆ ಸ್ಥಳೀಯರೇ ಆಲೋಚಿಸಿ, ಸ್ಥಳೀಯವಾಗಿಯೇ ಹಣವನ್ನು ಕೂಡಿಸಿದುದು ಎರಡರಲ್ಲಿಯೂ ಸಮಾನವಾದ ಅಂಶ.

ಇಂದು ಬೋಲ್ಡರ್ ನಗರದ ಆಡಳಿತದಲ್ಲಿರುವ ಈ ಭೂಮಿ 46,000 ಎಕರೆಗೂ ಹೆಚ್ಚು. ಇದು ನಗರದ ಸ್ವಂತ ವಿಸ್ತೀರ್ಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದೆ. ಇದರಲ್ಲಿ ಪೈನ್ ಮರದ ಕಾಡುಂಟು, ಹುಲ್ಲುಗಾವಲುಂಟು, ತೊರೆಗಳ ದಂಡೆಯುಂಟು, ಹೊಲಗಳುಂಟು. ನಡೆದಾಡುವವರಿಗೆ ಕಾಲುದಾರಿಗಳಿವೆ. ಫ್ಲಾಟೈರನ್ಸ್ ಬಂಡೆಗಳಲ್ಲಿ ಗಿಡುಗದ ಜಾತಿಯ ಹಕ್ಕಿಗಳು ಗೂಡು ಕಟ್ಟುತ್ತವೆ. ಪ್ರತಿವರ್ಷ ಫೆಬ್ರವರಿಯಿಂದ ಜುಲೈವರೆಗೆ ಗೂಡುಗಳಿರುವ ಬಂಡೆಗಳತ್ತ ಯಾರೂ ಹೋಗದಂತೆ ದಾರಿಯನ್ನು ಮುಚ್ಚುತ್ತಾರೆ. ಹಣ ಕೊಟ್ಟ ಜನರೇ ಹಕ್ಕಿಗಾಗಿ ಅಷ್ಟು ಕಾಲ ದೂರ ನಿಲ್ಲುತ್ತಾರೆ.

ಇಷ್ಟಾದರೂ ಈ ಯೋಜನೆ ದೋಷರಹಿತವೆಂದು ಹೇಳಲಾಗದು. ಮಾರಾಟ ತೆರಿಗೆ ಬಡವನಿಗೂ ಸಿರಿವಂತನಿಗೂ ಒಂದೇ ದರದಲ್ಲಿ ಬೀಳುತ್ತದೆ. ಬಡವನ ಆದಾಯದಲ್ಲಿ ಅದರ ಪಾಲು ಹೆಚ್ಚು. ಸುತ್ತಲ ಭೂಮಿಯನ್ನು ಹೀಗೆ ಉಳಿಸಿಕೊಂಡ ನಗರವು 1976ರಿಂದ ಹೊಸ ಮನೆಗಳ ಸಂಖ್ಯೆಗೂ ಮಿತಿ ಹಾಕಿತು. ನೆಲ ಕಡಮೆ, ಬರುವವರು ಹೆಚ್ಚು. ಆದ್ದರಿಂದ ಮನೆಗಳ ಬೆಲೆ ಏರುತ್ತ ಹೋಯಿತು. ಊರಿನಲ್ಲಿ ದುಡಿಯುವ ಬಹುಮಂದಿ ಅಲ್ಲಿ ಮನೆ ಮಾಡಲಾರದೆ, ದೂರದ ಊರುಗಳಿಂದ ಪ್ರತಿದಿನ ಬಂದುಹೋಗುತ್ತಾರೆ. ಬೆಟ್ಟದ ಸೊಬಗಿಗಾಗಿ ಕೊಟ್ಟ ಬೆಲೆಯಲ್ಲಿ ಇವರ ಪಾಲೂ ಇದೆಯೆಂಬುದನ್ನು ಮರೆಯಬಾರದು. ಬಯಲನ್ನೂ ಉಳಿಸಬೇಕು, ದುಡಿಯುವವನಿಗೆ ಸೂರನ್ನೂ ಒದಗಿಸಬೇಕು. ಈ ಎರಡನ್ನೂ ಹೊಂದಿಸುವುದು ಹೇಗೆಂಬ ಚರ್ಚೆ ಅಲ್ಲಿ ಇನ್ನೂ ನಡೆದಿದೆ.

ಕೊಂಡ ಮಾತ್ರಕ್ಕೆ ನೆಲ ಉಳಿಯುವುದೂ ಇಲ್ಲ. ಹುಲ್ಲುಗಾವಲಿನಲ್ಲಿ ಬಿಲ ತೋಡುವ 'ಪ್ರೇರಿ ಡಾಗ್' ಎಂಬ ಪ್ರಾಣಿಯನ್ನು ಕಾಪಾಡಬೇಕೆಂದು ಕೆಲವರು, ಅದು ನೀರಾವರಿಯ ಹೊಲಗಳನ್ನು ಕೆಡಿಸುತ್ತದೆಂದು ರೈತರು ವಾದಿಸುತ್ತಾರೆ. 2013ರ ಸೆಪ್ಟೆಂಬರಿನಲ್ಲಿ ಸುರಿದ ಮಹಾಮಳೆಯಿಂದ ಕಾಲುದಾರಿಗಳು ಕೊಚ್ಚಿಹೋದವು. 2021ರ ಡಿಸೆಂಬರ್ 30ರಂದು ಬಿರುಗಾಳಿಯ ನಡುವೆ ನಗರದ ಆಗ್ನೇಯದ ಒಣಹುಲ್ಲಿನ ಬಯಲಿನಲ್ಲಿ ಹಬ್ಬಿದ ಬೆಂಕಿ, ನೆರೆಯ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಉಳಿಸಿದ ನೆಲವನ್ನು ವರ್ಷವಿಡೀ ನೋಡಿಕೊಳ್ಳಬೇಕು. ಹುಲ್ಲನ್ನು ಮೇಯಿಸಬೇಕು, ಕಾಡನ್ನು ವಿರಳಗೊಳಿಸಬೇಕು, ದಾರಿಯನ್ನು ದುರಸ್ತಿ ಮಾಡಬೇಕು, ಪರದೇಶದ ಕಳೆಯನ್ನು ಕೀಳಬೇಕು. ಆದುದರಿಂದಲೇ ತೆರಿಗೆಯ ಹಣದಲ್ಲಿ ಹೆಚ್ಚಿನ ಪಾಲು ಈಗ ಕೊಳ್ಳುವುದಕ್ಕಿಂತ ನೋಡಿಕೊಳ್ಳುವುದಕ್ಕೇ ಬೇಕಾಗುತ್ತದೆ.

ಬೋಲ್ಡರಿನ ಜನ ಮಾಡಿದುದು ಅಸಾಧಾರಣವಾದ ಸಾಹಸವೇನೂ ಅಲ್ಲ. ಅವರು ಲೆಕ್ಕ ಹಾಕಿದರು, ಚರ್ಚಿಸಿದರು, ಮತ ನೀಡಿದರು, ಕೊಟ್ಟ ಹಣಕ್ಕೆ ಕಾವಲಿಟ್ಟರು. ಬೆಟ್ಟವು ಎಲ್ಲರದೆಂದು ಬಾಯಿಮಾತಿನಲ್ಲಿ ಹೇಳುವುದು ಸುಲಭ. ಎಲ್ಲರದಾಗಬೇಕಾದರೆ ಎಲ್ಲರೂ ಸ್ವಲ್ಪ ಕೊಡಬೇಕು. 1967ರಲ್ಲಿ ನೂರು ಡಾಲರಿಗೆ ನಲವತ್ತು ಸೆಂಟಿನಂತೆ ಕೊಡಲು ಒಪ್ಪಿದವರಲ್ಲಿ ಅನೇಕರು ಇಂದು ಇಲ್ಲ. ಅವರು ಉಳಿಸಿದ ದಾರಿಯಲ್ಲಿ ಇಂದು ಆ ಊರಿನ ಮಕ್ಕಳು ಬೆಟ್ಟವನ್ನೇರುತ್ತಾರೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಬೋಲ್ಡರ್ ನಗರವು ಯಾವ ಪರ್ವತಶ್ರೇಣಿಯ ತಪ್ಪಲಿನಲ್ಲಿದೆ?
2. 'ನೀಲಿ ಗೆರೆ'ಯನ್ನು ಎಷ್ಟು ಅಡಿಯ ಎತ್ತರದಲ್ಲಿ ಗೊತ್ತುಮಾಡಲಾಯಿತು?
3. 1967ರ ತೆರಿಗೆಯಲ್ಲಿ ಮುಕ್ತಭೂಮಿಗೆ ಮೀಸಲಾದ ಭಾಗವೆಷ್ಟು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ನೀಲಿ ಗೆರೆಯೊಂದೇ ಸಾಲದೆಂದು ಪೌರರಿಗೆ ಏಕೆ ಅನ್ನಿಸಿತು?
2. ಸಾಲಪತ್ರಗಳನ್ನು ಹೊರಡಿಸುವುದರಿಂದ ನಗರಕ್ಕೆ ಆದ ಅನುಕೂಲವೇನು?
3. 'ಮಾರುವ ಬಾಗಿಲಿಗೆ ನಾಲ್ಕು ಬೀಗಗಳು' ಎಂಬ ಮಾತನ್ನು ವಿವರಿಸಿರಿ.

ಇ) ಚರ್ಚಿಸಿರಿ:
ಊರ ಸುತ್ತಲಿನ ಬಯಲನ್ನು ಉಳಿಸುವುದು, ದುಡಿಯುವವರಿಗೆ ಮನೆಯನ್ನು ಒದಗಿಸುವುದು — ಈ ಎರಡನ್ನೂ ಒಂದು ಊರು ಹೇಗೆ ಹೊಂದಿಸಬಹುದು?